ಮೆಟ್ಟಿಲು ಬಾವಿಯ ಹುಳು

ನಾರುಹುಣ್ಣು ಎಂದರೆ ಇಂದಿನ ಹುಡುಗರು ಕಣ್ಣು ಪಿಳುಕಿಸುತ್ತಾರೆ. ಒಳ್ಳೆಯದೇ ಆಯಿತು. ಕಾಲಿನ ಮೇಲೆ ಬೊಕ್ಕೆಯೆದ್ದು ಒಡೆದು, ಬಿಳಿಯ ನಾರಿನಂತಹ ಹುಳು ತಲೆ ಹೊರಹಾಕುತ್ತಿತ್ತು. ಉದ್ದ ಒಂದು ಮೀಟರಿನವರೆಗೂ ಉಂಟು. ಸರಕ್ಕನೆ ಎಳೆದರೆ ತುಂಡಾಗಿ ಒಳಗೆ ಕೀವಾಗುವುದು. ಆದ್ದರಿಂದ ಕಡ್ಡಿಗೆ ಸುತ್ತಿ, ದಿನವೂ ತುಸುತುಸುವೇ, ವಾರಗಟ್ಟಲೆ ಎಳೆಯಬೇಕು. ಹುಳು ಹೋದ ಮೇಲೂ ಕೀಲು ಸೆಟೆದು ಜನ್ಮವಿಡೀ ಕುಂಟಿದವರುಂಟು.

1870ರ ಸುಮಾರಿಗೆ ರಷ್ಯದ ಫೆಡ್‌ಚೆಂಕೊ ಎಂಬ ವಿಜ್ಞಾನಿ, ಇದರ ಮರಿಗಳು ಸೈಕ್ಲಾಪ್ಸ್ ಎಂಬ ಸಣ್ಣ ನೀರುಜಂತುವಿನಲ್ಲಿ ಬೆಳೆಯುವುದನ್ನು ತುರ್ಕಿಸ್ತಾನದಲ್ಲಿ ಕಂಡುಕೊಂಡನು. ನಮ್ಮ ಮೆಟ್ಟಿಲು ಬಾವಿಗಳ ಗುಟ್ಟೂ ಅದೇ. ರೋಗಿಯು ಉರಿ ತಾಳಲಾರದೆ ಬಾವಿಗಿಳಿದು ಕಾಲು ಅದ್ದುವನು. ಹುಳು ಮರಿಗಳನ್ನು ನೀರಿಗೆ ಚೆಲ್ಲುವುದು. ಜಂತುವಿನ ಸಮೇತ ಆ ನೀರು ಕುಡಿದವನಿಗೆ ಸುಮಾರು ಒಂದು ವರ್ಷದ ತರುವಾಯ ಹುಣ್ಣು. ನಾನು ಆ ಬಾವಿಗಳ ಶಿಲ್ಪದ ಅಭಿಮಾನಿಯೇ. ಆದರೆ ಅವುಗಳ ಚರಿತ್ರೆ ಹೇಳುವಾಗ ಈ ಹುಳುವನ್ನು ಬಿಟ್ಟುಬಿಡುವುದು ನನಗೆ ಸರಿಕಾಣದು.

ಇದಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. 1980ರ ದಶಕದಲ್ಲಿ ಸರ್ಕಾರ ಹೂಡಿದ ನಿರ್ಮೂಲನ ಕಾರ್ಯದಲ್ಲಿ ನೀರು ಸೋಸುವ ಬಟ್ಟೆಯೇ ದೊಡ್ಡ ಆಯುಧ. ಜೊತೆಗೆ ಕೊಳವೆ ಬಾವಿ ಕೊರೆದರು. ಹಳೆಯ ಬಾವಿಗಳ ಮೆಟ್ಟಿಲು ಮುಚ್ಚಿ, ಹಗ್ಗದಿಂದ ಸೇದುವಂತೆ ಮಾಡಿದರು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಭಾರತವು ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲಿ ಬರೆದುಕೊಟ್ಟಿತು.