ಶಿಕ್ಷಣ ಸಾಲ: ತೀರಿಸೋದು ಹೇಗೆ, ಆಗದಿದ್ದರೆ ಏನು?

ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದುವ ಅವಧಿ ಮತ್ತು ಆಮೇಲಿನ 1 ವರ್ಷ ಕಂತು ಇರಲ್ಲ. ಹಾಗಂತ ಬಡ್ಡಿ ನಿಲ್ಲಲ್ಲ. ಸರ್ಕಾರದ ಬಡ್ಡಿ ಸಬ್ಸಿಡಿ ಇಲ್ಲದಿದ್ದರೆ ಅದೂ ಅಸಲಿಗೆ ಸೇರುತ್ತೆ. ಆಗಲೇ ಕೈಲಾದಷ್ಟು ಬಡ್ಡಿ ಕಟ್ಟೋದು ಒಳ್ಳೇದು.

ಕಂತು ಶುರುವಾದಾಗ 5 ಲಕ್ಷ ಬಾಕಿ, ಬಡ್ಡಿ ಶೇ 10 ಅಂದುಕೊಳ್ಳಿ. 15 ವರ್ಷಕ್ಕೆ ತಿಂಗಳಿಗೆ ಸುಮಾರು 5,370 ರೂ.; ಒಟ್ಟು ಕಟ್ಟೋದು 9.67 ಲಕ್ಷ. 7 ವರ್ಷಕ್ಕೆ 8,300 ರೂ.; ಒಟ್ಟು 6.97 ಲಕ್ಷ. ಸಂಬಳ ಕಮ್ಮಿ ಇದ್ದರೆ ದೀರ್ಘ ಅವಧಿ ಆರಿಸಿ, ದುಡ್ಡು ಬಂದಾಗ ಹೆಚ್ಚು ಕಟ್ಟಿ. ಬದಲಾಗುವ ಬಡ್ಡಿದರದ ಸಾಲವನ್ನು ಬೇಗ ತೀರಿಸಿದರೆ ದಂಡ ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ 8 ವರ್ಷದವರೆಗೆ ಬಡ್ಡಿಗೆ ವಿನಾಯಿತಿಯೂ ಇದೆ.

ಕೆಲಸವೇ ಸಿಗದಿದ್ದರೆ? ಬ್ಯಾಂಕಿನ ಫೋನ್ ಎತ್ತದೆ ಕೂರಬೇಡಿ. ಬಾಕಿ 90 ದಿನ ಮೀರಿದರೆ ಖಾತೆ ಎನ್‌ಪಿಎ ಆಗುತ್ತೆ. ಜೊತೆಗೆ ಸಹಿ ಹಾಕಿದ ಅಪ್ಪ-ಅಮ್ಮನ ಸಿಬಿಲ್ ಸ್ಕೋರ್ ಕೂಡ ಕುಸಿಯುತ್ತೆ. ಅದಕ್ಕೂ ಮೊದಲೇ ಅವಧಿ ವಿಸ್ತರಣೆ ಕೇಳಿ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ.

ಸಾಲ ಮನ್ನಾಕ್ಕೆ ಹೋರಾಡೋಣ, ತಪ್ಪಿಲ್ಲ. ಆದರೆ ಆದೇಶ ಬರೋವರೆಗೂ ಬಡ್ಡಿ ಓಡ್ತಾನೇ ಇರುತ್ತೆ.