ಬಾಲದಲ್ಲಿ ಬೆಂಕಿಯುಗುಳದ ಜೆಟ್

ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋದವರು ಅಲ್ಲಿನ ವಾಯುಪಡೆಯ ‘ಹಾಕ್’ ತರಬೇತಿ ಜೆಟ್‌ಗಳನ್ನು ಕಂಡಿರಬಹುದು. ಹಾಕ್ ಎಂದರೆ ಗಿಡುಗ. ಕಡಲಿಲ್ಲದ ನಮ್ಮ ಸೀಮೆಯ ಈ ಗಿಡುಗಕ್ಕೆ ಕಡಲಿನಲ್ಲೊಬ್ಬ ಹಿರಿಯಣ್ಣನಿದ್ದ. ಇಬ್ಬರ ನಕ್ಷೆಯೂ ತಯಾರಾದದ್ದು ಇಂಗ್ಲೆಂಡಿನಲ್ಲಿ. ಆ ಹಿರಿಯಣ್ಣನೇ ‘ಸೀ ಹಾಕ್’. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತದಿಂದ ಹಾರಿದ ಮೊದಲ ಜೆಟ್ ಹೋರಾಟ ವಿಮಾನ ಇದು.

ಇದರ ಮೂಲ ಮಾದರಿ ಹಾರಿದ್ದು 1947ರ ಸೆಪ್ಟೆಂಬರ್ 2ರಂದು. ಬ್ರಿಟನ್ನಿನ ವಾಯುಪಡೆಗೆ ಅದು ಬೇಡವಾಯಿತು, ನೌಕಾಪಡೆ ತೆಗೆದುಕೊಂಡಿತು. ಒಳಗಿದ್ದ ರೋಲ್ಸ್ ರಾಯ್ಸ್ ‘ನೀನ್’ ಎಂಜಿನ್ ಗಿಡ್ಡ, ಆದರೆ ದಪ್ಪ. ನೂಕುಬಲ 2,300 ಕೆ.ಜಿ.ಗೂ ಹೆಚ್ಚು. ಅದನ್ನು ವಿಮಾನದ ನಡುವಿನಲ್ಲಿಟ್ಟರೆ ಬಿಸಿ ಅನಿಲ ಬಾಲದವರೆಗೆ ಉದ್ದನೆಯ ಕೊಳವೆಯಲ್ಲಿ ಸಾಗಬೇಕು. ಆಗ ನೂಕುಬಲ ಸ್ವಲ್ಪ ಸೋರಿಹೋಗುತ್ತದೆ. ವಿನ್ಯಾಸಕಾರ ಸಿಡ್ನಿ ಕ್ಯಾಮ್ ಅವರ ತಂಡ ಕೊಳವೆಯನ್ನು ಪ್ಯಾಂಟಿನ ಕಾಲುಗಳಂತೆ ಎರಡಾಗಿ ಸೀಳಿ, ಎಡಬಲ ರೆಕ್ಕೆಗಳ ಬುಡದಲ್ಲಿ ಹೊರಕ್ಕೆ ಬಿಟ್ಟಿತು. ಬಾಲದ ಕಡೆ ಖಾಲಿಯಾದ ಜಾಗದಲ್ಲಿ ಇಂಧನ ತುಂಬಿದರು! ನೆಲೆ ಹುಡುಕಿಕೊಂಡು ನೀರಿನ ಮೇಲೆ ಮರಳಬೇಕಾದ ವಿಮಾನಕ್ಕೆ ಒಂದೊಂದು ಲೀಟರ್ ಇಂಧನವೂ ಅಮೂಲ್ಯವಲ್ಲವೆ?

1961ರ ಮೇ 18ರಂದು ಲೆಫ್ಟಿನೆಂಟ್ ಆರ್. ಎಚ್. ತಹಿಲಿಯಾನಿ ವಿಕ್ರಾಂತದ ಮೇಲೆ ಮೊದಲ ಜೆಟ್ ಇಳಿಸಿದರು. ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು. ವಿಕ್ರಾಂತದ ಉದ್ದ ಸುಮಾರು 213 ಮೀಟರ್. ಇಷ್ಟು ಚಿಕ್ಕ ಅಂಗಳದಿಂದ ಏರಲು ಎರಡು ನೆರವು ಬೇಕು. ಒಂದು, ಉಗಿಯ ಒತ್ತಡದಿಂದ ವಿಮಾನವನ್ನು ಕವಣೆ ಕಲ್ಲಿನಂತೆ ಎಸೆಯುವ ಕ್ಯಾಟಪಲ್ಟ್. ಇನ್ನೊಂದು, ಎದುರುಗಾಳಿ. ಗಾಳಿ ಸಾಲದಿದ್ದರೆ ಹಡಗೇ ಗಾಳಿಗೆದುರಾಗಿ ಜೋರಾಗಿ ಓಡಿ ಆ ಕೊರತೆ ತುಂಬಬೇಕು. ಎರಡಕ್ಕೂ ಉಗಿ ಬರುವುದು ಅದೇ ಬಾಯ್ಲರ್‌ಗಳಿಂದ.

1971ರಲ್ಲಿ ತೊಡಕಾದದ್ದು ಇಲ್ಲಿಯೇ. ಬಾಯ್ಲರಿನಲ್ಲಿ ಬಿರುಕು ಕಂಡಿತ್ತು. ಹಡಗು ತನ್ನ ಪೂರ್ಣ ವೇಗವಾದ ಗಂಟೆಗೆ ಸುಮಾರು 45 ಕಿ.ಮೀ. ತಲುಪುವಂತಿರಲಿಲ್ಲ. 1965ರ ಯುದ್ಧದ ವೇಳೆ ವಿಕ್ರಾಂತ ದುರಸ್ತಿಯಲ್ಲಿತ್ತು. ಈ ಸಲವೂ ದಡದಲ್ಲೇ ಉಳಿದರೆ ಅಂಥ ಹಡಗು ನಮಗೇಕೆ ಎಂದು ಜನ ಕೇಳದಿರುತ್ತಿದ್ದರೆ? ಕಡೆಗೆ ಬಿರುಕಿನ ಬಾಯ್ಲರಿನೊಂದಿಗೇ ಅದನ್ನು ಬಂಗಾಳ ಕೊಲ್ಲಿಗೆ ಕಳಿಸಲಾಯಿತು. ಡಿಸೆಂಬರ್ 4ರ ಬೆಳಿಗ್ಗೆ ಸೀ ಹಾಕ್‌ಗಳು ಕಾಕ್ಸ್ ಬಜಾರಿನ ವಿಮಾನ ನಿಲ್ದಾಣದ ಮೇಲೆರಗಿದವು, ಅದೇ ಮಧ್ಯಾಹ್ನ ಚಿತ್ತಗಾಂಗ್ ಮೇಲೆ. ಶಬ್ದಾತೀತ ವಿಮಾನಗಳ ಆ ಕಾಲಕ್ಕೆ ಗಂಟೆಗೆ ಸಾವಿರ ಕಿ.ಮೀ. ಒಳಗಿನ ಸೀ ಹಾಕ್ ಮುದುಕನೇ ಸರಿ. ಆದರೂ ಯುದ್ಧ ಮುಗಿದಾಗ ಒಂದೂ ನಷ್ಟವಾಗಿರಲಿಲ್ಲ.

1983ರಲ್ಲಿ ಸೀ ಹ್ಯಾರಿಯರ್ ಬಂದು ಇದರ ಜಾಗ ಹಿಡಿಯಿತು. ವಿಕ್ರಾಂತ 1997ರಲ್ಲಿ ನಿವೃತ್ತವಾಗಿ ಕೊನೆಗೆ ಗುಜರಿಗೆ ಹೋಯಿತು. ಸೀ ಹಾಕನ್ನು ಗೋವೆಯ ನೌಕಾ ವಿಮಾನ ಸಂಗ್ರಹಾಲಯದಲ್ಲಿ ನೋಡಬಹುದು. ಹೋದಾಗ ಬಾಲದ ತುದಿಯಲ್ಲಿ ಕೊಳವೆ ಹುಡುಕಬೇಡಿ, ರೆಕ್ಕೆಯ ಬುಡದಲ್ಲಿ ನೋಡಿ.