ಅಮ್ಮನಿಗೆ ಕೇಳದ ಕೊಳಲು

ಭದ್ರಾವತಿಯಲ್ಲಿ ಆಕಾಶವಾಣಿ ನಿಲಯ ಆರಂಭವಾದುದು 1965ರಲ್ಲಿ. ಮಧ್ಯಮ ತರಂಗದ ಆ ಪ್ರಸಾರವೆಲ್ಲ ಮೊನೊ. ಹಾಡುವವರು, ತಬಲದವರು, ಕೊಳಲಿನವರು ಎಲ್ಲರೂ ಒಂದೇ ಬಾಗಿಲಿನಿಂದ ಹೊರಬರಬೇಕು. ಭದ್ರಾವತಿಯ ನಮ್ಮ ಮನೆಗೆ ಮುಂದೆ ಬಂದ ಟೇಪ್ ರೆಕಾರ್ಡರಿಗೂ ಇದ್ದುದು ಒಂದೇ ಬಾಯಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ದ ಧ್ವನಿಸುರುಳಿ 1978ರಲ್ಲಿ ಬಂದ ಮೇಲೆ ಭಾವಗೀತೆ ಕ್ಯಾಸೆಟ್ಟಿನಲ್ಲಿ ಕುಳಿತು ಮನೆಮನೆಗೆ ಬಂದಿತಷ್ಟೆ. ಫಿಲಿಪ್ಸ್ ಕಂಪೆನಿಯವರು 1963ರಲ್ಲಿ ಹೊರತಂದ ಈ ಕ್ಯಾಸೆಟ್ಟಿನಲ್ಲಿ ಒಂದು ಜಾಣತನವಿದೆ. ಸ್ಟೀರಿಯೋದ ಎಡ ಬಲಗಳೆರಡನ್ನೂ ಅಕ್ಕಪಕ್ಕದ ಗೆರೆಗಳಲ್ಲಿ ಬರೆದಿರುವುದರಿಂದ ಬಡವರ ಮೊನೊ ಯಂತ್ರವೂ ಎರಡನ್ನು ಕೂಡಿಸಿ ಓದಿಬಿಡುತ್ತದೆ. ಏನೂ ಕಳೆದುಹೋಗುವುದಿಲ್ಲ.

ಹೀಗೆ ಕೇಳಿ ಬೆಳೆದ ನನಗೆ, ಒಂದೇ ಹಾಡಿಗೆ ಎರಡು ಪಾಠಗಳಿರಬಹುದೆಂದು ತೋರಿರಲಿಲ್ಲ. ಹಳಗನ್ನಡದ ಪಾಠಾಂತರಗಳನ್ನು ತರಗತಿಯಲ್ಲಿ ದಿನವೂ ಚರ್ಚಿಸುವವನು ನಾನು! ಇಂಗ್ಲೆಂಡಿನ ಬೀಟಲ್ಸ್ ತಂಡದವರು 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿನ ಮೊನೊ ಮಿಶ್ರಣಕ್ಕೆ ತಾವೇ ಕುಳಿತು ಶ್ರಮಿಸಿ, ಸ್ಟೀರಿಯೋವನ್ನು ತಂತ್ರಜ್ಞರಿಗೆ ಬಿಟ್ಟರು. ಅದರ ‘ಶೀಸ್ ಲೀವಿಂಗ್ ಹೋಮ್’ ಮೊನೊದಲ್ಲಿ ತುಸು ಚುರುಕು, ಶ್ರುತಿಯೂ ಮೇಲು, ಸ್ಟೀರಿಯೋದಲ್ಲಿ ನಿಧಾನ. ಆಗ ಅಲ್ಲಿಯ ಬಹುಪಾಲು ಮನೆಗಳಲ್ಲಿದ್ದುದು ಮೊನೊ ಯಂತ್ರವೇ. ಅಮೆರಿಕದ ಬ್ರಯಾನ್ ವಿಲ್ಸನ್ನನ ಕಾರಣ ಬೇರೆ. ಅವನ ಬಲಗಿವಿ ಕೇಳುತ್ತಿರಲಿಲ್ಲ. 1966ರ ‘ಪೆಟ್ ಸೌಂಡ್ಸ್’ ಅನ್ನು ಅವನು ಮೊನೊದಲ್ಲೇ ಕಟ್ಟಿದ. ಇಡೀ ಆಲ್ಬಮ್ಮಿನ ಸ್ಟೀರಿಯೋ ಹೊರಬಂದುದು 1997ರಲ್ಲಿ.

ಇದನ್ನು ಓದಿದ ದಿನ ನನಗೆ ಅಮ್ಮನ ನೆನಪಾಗಿ ನಾಚಿಕೆಯಾಯಿತು. ಅವಳಿಗೆ ಚಿಕ್ಕಂದಿನಿಂದ ಎಡಗಿವಿ ಕೇಳದು. ಹಿಂದಿನ ವರ್ಷ ಶಿವಮೊಗ್ಗದಿಂದ ಒಳ್ಳೆಯ ಹೆಡ್‌ಫೋನ್ ಒಯ್ದು, ಅವಳ ಮೆಚ್ಚಿನ ಭಾವಗೀತೆಯೊಂದನ್ನು ಮೊಬೈಲಿನಲ್ಲಿ ಹಾಕಿ ಕೇಳಿಸಿದ್ದೆ.

“ಕೊಳಲು ಎಲ್ಲಿ ಹೋಯ್ತೋ?” ಎಂದಳು.

“ಇದೆಯಲ್ಲಮ್ಮಾ, ಸರಿಯಾಗಿ ಕೇಳು.”

“ಇಲ್ಲ ಕಣೋ. ನಮ್ಮ ಟೇಪಿನಲ್ಲಿ ಇರ್ತಿತ್ತು.”

ವಯಸ್ಸಾಯಿತೆಂದು ನಕ್ಕು ಸುಮ್ಮನಾಗಿದ್ದೆ. ಕೊಳಲನ್ನು ಪೂರ್ತಿ ಎಡಗಡೆಗೆ ಕೂರಿಸಿದ್ದರು. ನನಗದು ತಿಳಿಯಲು ವರ್ಷ ಬೇಕಾಯಿತು. ಆ ವರ್ಷವಿಡೀ ಹೆಡ್‌ಫೋನು ಅವಳ ಗೋಡೆಯ ಗೂಡಿನಲ್ಲಿ, ನಾನು ಕೊಟ್ಟ ಪೆಟ್ಟಿಗೆಯಲ್ಲೇ ಇತ್ತು.

ಎಡಬಲಗಳನ್ನು ಕೂಡಿಸುವ ಏರ್ಪಾಡು ಮೊಬೈಲಿನಲ್ಲೇ ಇದೆ. ಕಳೆದ ಭಾನುವಾರ ಭದ್ರಾವತಿಗೆ ಹೋಗಿ ಅದನ್ನು ಒತ್ತಿ, ಹೆಡ್‌ಫೋನನ್ನು ಅವಳ ತಲೆಗೆ ಸಿಕ್ಕಿಸಿದೆ. ಪಲ್ಲವಿ ಮುಗಿಯುವವರೆಗೆ ಅಮ್ಮ ಮಾತಾಡಲಿಲ್ಲ. ಆಮೇಲೆ ಒಂದು ಬೆರಳೆತ್ತಿ, ನಾನು ಬಾಯಿ ತೆರೆಯದ ಹಾಗೆ ತಡೆದಳು.